ಬಂಡೆ ಹತ್ತುವ ಆಟದ ಗಾಡಿಯೂ ಮನೆಯಲ್ಲೇ ಅಚ್ಚಾಗುವ ಬಿಡಿಭಾಗವೂ

ಟ್ರ್ಯಾಕ್ಟರಿನ ಒಂದು ಸಣ್ಣ ಬುಷ್ ಹೋದರೆ ಇಡೀ ದಿನದ ಉಳುಮೆ ನಿಲ್ಲುತ್ತದೆ. ಇದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಕಂಪನಿ ಆ ಮಾಡೆಲ್ ನಿಲ್ಲಿಸಿ ಹತ್ತು ವರ್ಷ ಆಗಿದ್ದರೆ ಅಂಗಡಿಯವರು ಕೈ ಆಡಿಸಿಬಿಡುತ್ತಾರೆ. ಆಮೇಲೆ ಉಳಿಯುವುದು ಲೇತ್ ಅಂಗಡಿಯೊಂದೇ. ಬಿಡಿಭಾಗವನ್ನು ಯಾರು ಮಾಡಬಹುದು? ಈ ಪ್ರಶ್ನೆಗೆ ಕಳೆದ ನಲವತ್ತು ವರ್ಷಗಳಲ್ಲಿ ಇನ್ನೊಂದು ಉತ್ತರ ಹುಟ್ಟಿಕೊಂಡಿದೆ. ಅದು ಹುಟ್ಟಿದ್ದೂ ಬೆಳೆದದ್ದೂ ಆಟಿಕೆಗಳ ನಡುವೆ ಎಂಬುದು ನಮಗೆ ಬಹಳ ಇಷ್ಟವಾದ ಸಂಗತಿ.

ನಾವು ಇದನ್ನು ಬರೆಯುತ್ತಿರುವುದು ಕೆಂಪಾಪುರದಿಂದ. ಹೆಬ್ಬಾಳದ ಫ್ಲೈಓವರ್ ಇಳಿದು ನಾಗವಾರದ ಕಡೆ ಹೊರವರ್ತುಲ ರಸ್ತೆ ಹಿಡಿದರೆ ಸಿಗುವ ಜಾಗ. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ಜಾಲಹಳ್ಳಿ. 1953ರಲ್ಲಿ ಎಚ್‌ಎಂಟಿ ಹುಟ್ಟಿದ್ದು ಅಲ್ಲೇ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ. ಎಚ್‌ಎಂಟಿ ಎಂದರೆ ಎಲ್ಲರಿಗೂ ನೆನಪಾಗುವುದು ಕೈಗಡಿಯಾರ. ಆದರೆ ಗಡಿಯಾರ ಬಂದದ್ದು 1961ರಲ್ಲಿ. ಅದಕ್ಕೂ ಮೊದಲು ಅಲ್ಲಿ ತಯಾರಾಗುತ್ತಿದ್ದದ್ದು ಲೇತ್, ಅಂದರೆ ಯಂತ್ರ ಮಾಡುವ ಯಂತ್ರ. ಇನ್ನೂ ಮುಂದೆ ಪೀಣ್ಯ. ಉತ್ತರ ಬೆಂಗಳೂರಿನಲ್ಲಿ ಯಾರಿಗಾದರೂ ಒಂದು ವಿಚಿತ್ರ ಭಾಗ ಬೇಕೆಂದರೆ ಪೀಣ್ಯಕ್ಕೆ ಹೋಗುವುದೇ ವಾಡಿಕೆ. ಅಲ್ಲಿ ಕಬ್ಬಿಣವನ್ನು ಕೆತ್ತಿ ಕೊಡುತ್ತಾರೆ. ಪ್ಲಾಸ್ಟಿಕ್‌ನದು ಬೇಕಾದರೆ ಮಾತ್ರ ಕಷ್ಟ. ಪ್ಲಾಸ್ಟಿಕ್‌ಗೆ ಮೊದಲು ಉಕ್ಕಿನ ಅಚ್ಚು ಬೇಕು, ಆ ಅಚ್ಚಿಗೇ ಲಕ್ಷಗಟ್ಟಲೆ ಖರ್ಚು. ಸಾವಿರಾರು ತುಂಡು ಮಾರುವವರಿಗೆ ಅದು ಗಿಟ್ಟುತ್ತದೆ. ಒಂದೇ ತುಂಡು ಬೇಕಾದವರು ಏನು ಮಾಡಬೇಕು?

ಈ ತೊಂದರೆ ಚೆನ್ನಾಗಿ ಗೊತ್ತಿದ್ದವರಲ್ಲಿ ರಾಕ್ ಕ್ರಾಲರ್ ಆಟದವರೂ ಇದ್ದರು. ರಾಕ್ ಕ್ರಾಲರ್ ಎಂದರೆ ರಿಮೋಟಿನಿಂದ ನಡೆಸುವ ಪುಟ್ಟ ಜೀಪು. ಇದು ಓಡುವ ಗಾಡಿಯಲ್ಲ, ಹತ್ತುವ ಗಾಡಿ. ಬಂಡೆಯ ಮೇಲೆ ಒಂದೊಂದೇ ಚಕ್ರ ಊರಿಕೊಂಡು, ಮಗುಚದೆ, ಆಮೆಯ ಹಾಗೆ ಏರಬೇಕು. ಇದಕ್ಕೆಂದೇ ಗಾಡಿ ಮಾಡುವ ಕಂಪನಿ ಮೊದಮೊದಲು ಇರಲಿಲ್ಲ. ಜಪಾನಿನ ತಮಿಯಾ ಕಂಪನಿ 1987ರಲ್ಲಿ ಕ್ಲಾಡ್ ಬಸ್ಟರ್ ಎಂಬ ದೊಡ್ಡ ಗಾಲಿಯ ಆಟದ ಟ್ರಕ್ ತಂದಿತ್ತು. ಅದರ ಒಂದೊಂದು ಆಕ್ಸಲ್‌ಗೂ ಒಂದೊಂದು ಮೋಟಾರ್, ನಾಲ್ಕೂ ಚಕ್ರ ತಿರುಗುತ್ತಿದ್ದವು. ಹವ್ಯಾಸಿಗಳು ಆ ಆಕ್ಸಲ್‌ಗಳನ್ನು ಬಿಚ್ಚಿ, ತಮಗೆ ಬೇಕಾದ ಚಾಸಿಗೆ ಕೂರಿಸಿ ಬಂಡೆ ಹತ್ತಿಸಿದರು. ನಮ್ಮ ಊರುಗಳಲ್ಲಿ ಹಳೆಯ ಡೀಸೆಲ್ ಪಂಪ್‌ಸೆಟ್ ಎಂಜಿನ್ ಬಿಚ್ಚಿ ಅದರಿಂದ ಇನ್ನೇನೋ ಓಡಿಸುತ್ತಾರಲ್ಲ, ಅದೇ ಬುದ್ಧಿ. 2000ರ ದಶಕದ ಕೊನೆಗೆ ಆಕ್ಸಿಯಲ್ ಎಂಬ ಅಮೆರಿಕದ ಕಂಪನಿ ಇದಕ್ಕೆಂದೇ ಗಾಡಿ ಮಾರಲು ಶುರು ಮಾಡಿತು. 2017ರಲ್ಲಿ ಟ್ರಾಕ್ಸಾಸ್ ಕಂಪನಿಯ ಟಿಆರ್‌ಎಕ್ಸ್-4 ಬಂತು. ಚಕ್ರದ ಬಳಿ ಇನ್ನೊಂದು ಜೊತೆ ಗೇರ್ ಕೂರಿಸಿ ಆಕ್ಸಲನ್ನೇ ಮೇಲಕ್ಕೆತ್ತುವ ಉಪಾಯ ಅದರಲ್ಲಿತ್ತು. ಜರ್ಮನಿಯ ಯೂನಿಮಾಗ್ ಎಂಬ ಹೊಲದ ಗಾಡಿಯಲ್ಲಿ 1940ರ ದಶಕದಲ್ಲೇ ಇದ್ದ ಉಪಾಯ ಅದು. ಆಟಿಕೆಗೆ ಬಂದದ್ದು ಹೊಲದಿಂದ.

ಕಂಪನಿಗಳು ಗಾಡಿ ಮಾರಿದವು, ನಿಜ. ಆದರೆ ಈ ಆಟದಲ್ಲಿ ಕೊಂಡ ಗಾಡಿಯನ್ನು ಕೊಂಡ ಹಾಗೇ ಇಟ್ಟುಕೊಳ್ಳುವವರು ಕಡಿಮೆ. ಬ್ಯಾಟರಿಯನ್ನು ಇನ್ನಷ್ಟು ಕೆಳಗೆ ಕೂರಿಸಬೇಕು, ಭಾರ ಮುಂದಕ್ಕೆ ಬರಬೇಕು, ಹೊಟ್ಟೆಯಡಿಯ ಪ್ಲೇಟು ಬಂಡೆಗೆ ಸಿಕ್ಕಿಕೊಳ್ಳದೆ ಜಾರಬೇಕು. ಒಬ್ಬೊಬ್ಬರ ಬೇಡಿಕೆ ಒಂದೊಂದು.

ಇನ್ನೊಂದು ಕಡೆಯ ಕತೆ ಕಪ್ಪೆಯಿಂದ ಶುರು. 1988ರಲ್ಲಿ ಅಮೆರಿಕದ ಸ್ಕಾಟ್ ಕ್ರಂಪ್ ಎಂಬ ಎಂಜಿನಿಯರ್ ತನ್ನ ಮಗಳಿಗೆ ಒಂದು ಆಟದ ಕಪ್ಪೆ ಮಾಡಲು ಹೊರಟರು. ಬಿಸಿ ಗೋಂದು ಸುರಿಸುವ ಗ್ಲೂ ಗನ್‌ಗೆ ಪ್ಲಾಸ್ಟಿಕ್ಕೂ ಮೇಣವೂ ಬೆರೆಸಿ ತುಂಬಿ, ಪದರದ ಮೇಲೆ ಪದರ ಎಳೆದರು. ಮನೆಯಂಗಳದಲ್ಲಿ ಚಕ್ಕುಲಿ ಒತ್ತಿದ ಹಾಗೆ ಎಂದುಕೊಳ್ಳಿ. 1989ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿ ಸ್ಟ್ರಾಟಸಿಸ್ ಎಂಬ ಕಂಪನಿ ಕಟ್ಟಿದರು. ಯಂತ್ರ ಬಂತು, ಆದರೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟಕುವ ಬೆಲೆಗೆ. ಇಪ್ಪತ್ತು ವರ್ಷ ಹಾಗೇ ಕಳೆಯಿತು.

ಬಾಗಿಲು ತೆರೆದದ್ದು ಎರಡು ಕಾರಣಕ್ಕೆ. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ರೆಪ್‌ರ್‍ಯಾಪ್ ಯೋಜನೆ ಆರಂಭಿಸಿದರು. ತನ್ನ ಬಿಡಿಭಾಗಗಳನ್ನು ಆದಷ್ಟೂ ತಾನೇ ಅಚ್ಚು ಹಾಕಿಕೊಳ್ಳುವ ಯಂತ್ರ, ಅದರ ನಕ್ಷೆ ಎಲ್ಲರಿಗೂ ಪುಕ್ಕಟೆ. ನಮ್ಮಲ್ಲಿ ಬಿತ್ತನೆ ಬೀಜವನ್ನು ಪಕ್ಕದ ಮನೆಗೆ ಕೊಡುವ ಹಾಗೆ ಒಂದು ಯಂತ್ರ ಇನ್ನೊಂದಕ್ಕೆ ಭಾಗ ಕೊಡುತ್ತಿತ್ತು. 2009ರಲ್ಲಿ ಕ್ರಂಪ್ ಅವರ ಪೇಟೆಂಟ್ ಅವಧಿ ಮುಗಿಯಿತು. ಆಮೇಲೆ ಬೆಲೆ ಇಳಿಯುತ್ತಾ ಬಂದು, ಈಗ ಒಂದು ಒಳ್ಳೆಯ ಮೊಬೈಲಿನ ದುಡ್ಡಿಗೆ ಪ್ರಿಂಟರ್ ಸಿಗುತ್ತದೆ. ಪೇಟೆಂಟ್ ಸಂಶೋಧಕರಿಗೆ ಬೇಕೇ ಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಅದು ಮುಗಿದ ದಿನ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಂಡಿಲ್ಲ.

ಕ್ರಾಲರ್ ಆಟದವರು ಈ ಯಂತ್ರವನ್ನು ಹೇಗೆ ಬಳಸುತ್ತಾರೆ? ಮೊದಲ ಕೆಲಸ ಅಳತೆ. ವರ್ನಿಯರ್ ಹಿಡಿದು ಹಳೆಯ ಭಾಗದ ತೂತು, ದಪ್ಪ, ಅಂತರ ಎಲ್ಲ ಗುರುತು ಮಾಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಅದನ್ನು ಬಿಡಿಸಬೇಕು. 3 ಮಿಲಿಮೀಟರ್ ಬೋಲ್ಟಿಗೆ 3 ಮಿಲಿಮೀಟರ್ ತೂತೇ ಬಿಡಿಸಿದರೆ ಬೋಲ್ಟು ಒಳಗೆ ಹೋಗುವುದಿಲ್ಲ. ಅಚ್ಚಾದ ತೂತು ಸ್ವಲ್ಪ ಕಿರಿದಾಗಿಯೇ ಬರುತ್ತದೆ, ಆದ್ದರಿಂದ ಒಂದೆರಡು ಕೂದಲೆಳೆ ಹೆಚ್ಚಿಗೆ ಬಿಡಬೇಕು. ಇದಕ್ಕಿಂತ ಮುಖ್ಯವಾದದ್ದು ಪದರದ ದಿಕ್ಕು. ಸೌದೆಯನ್ನು ನಾರಿನ ಉದ್ದಕ್ಕೆ ಹೊಡೆದರೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಹೊಡೆದರೆ ಇಲ್ಲ. ಅಚ್ಚಾದ ಭಾಗವೂ ಹಾಗೆಯೇ, ಪದರಗಳ ನಡುವೆ ಬಿರಿಯುತ್ತದೆ. ಬಂಡೆಯ ಏಟು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿಕೊಂಡು ಭಾಗವನ್ನು ಮಲಗಿಸಬೇಕೋ ನಿಲ್ಲಿಸಬೇಕೋ ತೀರ್ಮಾನಿಸಬೇಕು. ಚಿತ್ರ ಬಿಡಿಸುವುದು ವಾರದಲ್ಲಿ ಬಂದೀತು, ಈ ಅಂದಾಜು ಬರಲು ಹತ್ತಾರು ಭಾಗ ಮುರಿಯಬೇಕು.

ಇನ್ನು ವಸ್ತು. ಹೆಚ್ಚಾಗಿ ಬಳಸುವುದು ಪಿಎಲ್‌ಎ ಎಂಬ ಪ್ಲಾಸ್ಟಿಕ್. ಅದನ್ನು ಮಾಡುವುದು ಬಹುಪಾಲು ಮೆಕ್ಕೆಜೋಳದ ಪಿಷ್ಟದಿಂದ. ದಾವಣಗೆರೆ, ಹಾವೇರಿ ಕಡೆಯ ಓದುಗರು ಇದನ್ನು ಗಮನಿಸಲಿ! ಆದರೆ ಅದು 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಇಟ್ಟ ಗಾಡಿಯ ಭಾಗ ಸೊಟ್ಟಗಾದರೆ ಆಶ್ಚರ್ಯವಿಲ್ಲ. ಅದಕ್ಕೇ ಬಂಪರಿಗೆ ಪಿಇಟಿಜಿ, ಗೇರಿಗೆ ನೈಲಾನ್ ಎಂದು ಆರಿಸಿಕೊಳ್ಳುತ್ತಾರೆ.

ವರ್ನಿಯರ್ ಹಿಡಿಯಲಾಗದ ವಸ್ತುವಿಗೆ ಸ್ಕ್ಯಾನರ್ ಇದೆ. ಇದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ. ಕಲ್ಲು ಸವೆದರೂ ಅಳತೆ ಉಳಿಯುತ್ತದೆ.

ಇದೆಲ್ಲ ಬರೀ ಹುಡುಗಾಟ ಎನ್ನುವವರಿಗೆ ಇಸ್ರೋ ಕತೆ ಹೇಳಬೇಕು. 2024ರ ಮೇ 9ರಂದು ಇಸ್ರೋ ಪಿಎಸ್‌ಎಲ್‌ವಿ ರಾಕೆಟ್ಟಿನ ಪಿಎಸ್4 ಎಂಜಿನ್ನನ್ನು ಹೀಗೆ ಅಚ್ಚು ಹಾಕಿಸಿ ಪರೀಕ್ಷಿಸಿತು. ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ ಮಾಡಿದ ಎಂಜಿನ್, ತಯಾರಿಸಿದ್ದು ವಿಪ್ರೋ 3ಡಿ. ಮೊದಲು 14 ಭಾಗ ಇದ್ದದ್ದು ಒಂದೇ ಭಾಗವಾಯಿತು, 19 ವೆಲ್ಡಿಂಗ್ ಕಡಿಮೆಯಾದವು. ಮುಂಚೆ 565 ಕೆ.ಜಿ. ಲೋಹ ಬೇಕಿತ್ತು, ಈಗ 13.7 ಕೆ.ಜಿ. ಪುಡಿ ಸಾಕಾಯಿತು. ಯಂತ್ರ ಬೇರೆ, ಬೆಲೆ ಬೇರೆ. ಆದರೆ ಕೆತ್ತಿ ಬಿಸಾಡುವ ಬದಲು ಪದರ ಪದರವಾಗಿ ಕಟ್ಟುವ ಲೆಕ್ಕ ಕಪ್ಪೆಯದ್ದೇ.

ಕಂಪನಿಯ ಭಾಗವನ್ನು ನಾವೇ ಮಾಡಿಕೊಂಡರೆ ಕೇಸು ಬೀಳುವುದಿಲ್ಲವೇ ಎಂಬ ಅನುಮಾನ ಬರುವುದು ಸಹಜ. ನಮ್ಮ ದೇಶದ 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿತ ವಿನ್ಯಾಸಕ್ಕೆ ರಕ್ಷಣೆ 10 ವರ್ಷ, ಬೇಕಾದರೆ ಇನ್ನೂ 5 ವರ್ಷ. ಕಾಯ್ದೆ ಮುಖ್ಯವಾಗಿ ಹಿಡಿಯುವುದು ಮಾರಾಟಕ್ಕೆಂದು ನಕಲು ಮಾಡುವವರನ್ನು. ಪೇಟೆಂಟ್ ಇರುವ ಭಾಗದ ಮಾತು ಬೇರೆ, ಕಂಪನಿಯ ಹೆಸರು ಒತ್ತಿ ಮಾರಿದರಂತೂ ತಪ್ಪೇ. ಆದರೆ ಕಂಪನಿ ಮಾರುವುದನ್ನೇ ನಿಲ್ಲಿಸಿ ಹದಿನೈದು ವರ್ಷ ದಾಟಿದ ಔಷಧಿ ಸಿಂಪಡಿಸುವ ಪಂಪಿನ ಹಿಡಿಕೆಗೋ, ಬಿತ್ತನೆ ಕೂರಿಗೆಯ ಬೀಜ ಬೀಳಿಸುವ ಬಿಲ್ಲೆಗೋ ತಡೆ ಇರುವುದು ಕಡಿಮೆ. ಹೊಸ ಬಿಲ್ಲೆಯ ತೂತನ್ನು ರಾಗಿಗೆ ಬೇಕಾದಷ್ಟು ಕಿರಿದು, ಅವರೆಗೆ ಬೇಕಾದಷ್ಟು ಅಗಲ ಮಾಡಿಕೊಳ್ಳಬಹುದು. ಅಳತೆ ಒಮ್ಮೆ ಬರೆದಿಟ್ಟರೆ ಮುಂದಿನ ಮುಂಗಾರಿಗೂ ಅದೇ ಫೈಲು ಸಾಕು.