ಸಹಕಾರಿ ಸಂಘಗಳು ದೊಡ್ಡದಾದ ಬಗೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಸಹಕಾರದ ಚರಿತ್ರೆ ಬಗ್ಗೆ ಏನಾದರೂ ಬರೆದುಕೊಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ತನಕ ಓದಿದ ರೈತ, ಪಂಡಿತನಲ್ಲ. ಆದರೆ ಒಂದು ವರ್ಷದಿಂದ ಆಡಳಿತ ಮಂಡಳಿ ಸಭೆಯಲ್ಲೂ, ಅರಳಿಕಟ್ಟೆ ಮೇಲೂ ಒಂದೇ ಮಾತು ನಡೀತಾ ಇದೆ. ಇಷ್ಟು ವರ್ಷ ಆಯ್ತಲ್ಲ, ಇನ್ನೂ ಬರೀ ಹಾಲು ಅಳ್ಕೊಂಡು ಕೂತಿದ್ರೆ ಹೆಂಗೆ, ಸಾಲ ಎತ್ತಿ ಪೇಡ, ಕೋವ, ಪನೀರ್ ಮಾಡೋ ಘಟಕ ಹಾಕೋಣ ಅಂತ ಕೆಲವರು. ಬೇಡ, ಇರೋದನ್ನ ಉಳಿಸ್ಕೊಳ್ಳೋಣ ಅಂತ ಕೆಲವರು. ಆದ್ದರಿಂದ ಚರಿತ್ರೆಯನ್ನು ಇದೇ ಪ್ರಶ್ನೆ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಹಿಂದಿನವರು ಯಾವಾಗ ದೊಡ್ಡದಾದರು, ಏನು ಕೈಯಲ್ಲಿಟ್ಟುಕೊಂಡು ದೊಡ್ಡದಾದರು ಎಂಬುದೇ ನನಗೆ ಮುಖ್ಯ.

ಸಹಕಾರ ಚಳವಳಿ ಶುರುವಾದಾಗ ಅದನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದರು. 1904ರ ಕಾಯ್ದೆ ಪ್ರಕಾರ ಒಂದೇ ಊರಿನ 10 ಜನ ಸೇರಿದರೆ ಪತ್ತಿನ ಸಂಘ ಮಾಡಬಹುದಿತ್ತು. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಅಂಥದ್ದು. ಸಾಲ ತೀರದೇ ಹೋದರೆ ಸದಸ್ಯರೆಲ್ಲರ ಆಸ್ತಿಗೂ ಬಾಧ್ಯತೆ ಬರುವ ಕಾಲ ಅದು. ಹಾಗಾಗಿ ಯಾರ ಮನೆಯಲ್ಲಿ ಎಷ್ಟು ಹೊಲ, ಯಾರು ಕುಡಿಯುತ್ತಾರೆ, ಯಾರು ಮಾತಿಗೆ ನಿಲ್ಲುತ್ತಾರೆ ಅಂತ ಗೊತ್ತಿದ್ದವರೇ ಸೇರಬೇಕಿತ್ತು. ಪರಿಚಯವೇ ಜಾಮೀನು. ಸಾಲ ಬಿಟ್ಟು ಮಾರಾಟ ಮುಂತಾದ ಕೆಲಸಕ್ಕೂ ಸಂಘ ಮಾಡಬಹುದು, ಸಂಘಗಳೇ ಸೇರಿ ಒಕ್ಕೂಟ ಮಾಡಬಹುದು ಎಂದು ಕಾನೂನು ಒಪ್ಪಿದ್ದು 1912ರಲ್ಲಿ.

ಹಾಲಿನ ವಿಷಯಕ್ಕೆ ಬಂದರೆ ಗುಜರಾತಿನ ಖೇಡಾ ಜಿಲ್ಲೆಯಿಂದಲೇ ಹೇಳಬೇಕು. 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ಒಕ್ಕೂಟ ನೋಂದಣಿಯಾಯಿತು. ಹಾಲು ಕಳಿಸಲು ಶುರು ಮಾಡಿದಾಗ ಇದ್ದದ್ದು ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ನಮ್ಮ ಕಡೆ ಒಂದು ಸಣ್ಣ ಸಂಘದ ಒಂದು ಹೊತ್ತಿನ ಹಾಲು ಅಷ್ಟು! ಸಂಘಗಳು ಹೆಚ್ಚಿದ ಮೇಲೆ ಅವರಿಗೆ ಬಂದ ತೊಂದರೆ ನೋಡಿ. ಚಳಿಗಾಲದಲ್ಲಿ ಎಮ್ಮೆ ಹೆಚ್ಚು ಕರೆಯುತ್ತದೆ, ಅಷ್ಟೂ ಹಾಲನ್ನು ಮುಂಬಯಿ ತಗೊಳ್ಳುತ್ತಿರಲಿಲ್ಲ. ಸದಸ್ಯ ತಂದ ಹಾಲನ್ನು ಇವತ್ತು ಬೇಡ ಅಂತ ವಾಪಸ್ಸು ಕಳಿಸಿದರೆ ಅವನು ನಾಳೆ ಸಂಘಕ್ಕೆ ಬರುತ್ತಾನೆಯೇ? ಆ ಹೆಚ್ಚಿನ ಹಾಲಿಗೋಸ್ಕರ ಪುಡಿ ಕಾರ್ಖಾನೆ ಬೇಕಾಯಿತು. ಎಮ್ಮೆ ಹಾಲಿನಿಂದ ಪುಡಿ ಆಗೋದಿಲ್ಲ ಎಂದು ಪರದೇಶದ ತಜ್ಞರು ಹೇಳುತ್ತಿದ್ದಾಗ ದಲಾಯಾ ಎಂಬ ಎಂಜಿನಿಯರು ಮಾಡಿ ತೋರಿಸಿದರು. 1955ರಲ್ಲಿ ಕಾರ್ಖಾನೆ ಶುರುವಾಯಿತು. ಅಂದರೆ ಮೊದಲು ಪಾತ್ರೆ ತುಂಬಿ ಚೆಲ್ಲಿತು, ಆಮೇಲೆ ದೊಡ್ಡ ಪಾತ್ರೆ ತಂದರು.

ನಮ್ಮ ರಾಜ್ಯದಲ್ಲಿ ಬೆಂಗಳೂರು ಡೇರಿ 1965ರಲ್ಲಿ ಸರ್ಕಾರದ್ದಾಗಿ ಆರಂಭವಾಯಿತು. ವಿಶ್ವಬ್ಯಾಂಕಿನ ನೆರವಿನ ಯೋಜನೆ 1974ರಲ್ಲಿ ಬಂದ ಮೇಲೆ ಹಳ್ಳಿ ಹಳ್ಳಿಯಲ್ಲಿ ಸಂಘ ಕಟ್ಟುವ ಕೆಲಸ ನಡೆದು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ನಂದಿನಿ ಹೆಸರು ಮಕ್ಕಳಿಗೂ ಗೊತ್ತು, ಅದನ್ನು ಹೆಚ್ಚು ವಿವರಿಸುವುದಿಲ್ಲ.

ನಾವೆಲ್ಲರೂ ಕೂತು ಯೋಚಿಸಬೇಕಾದ್ದು ಮಂಗಳೂರಿನ ಕ್ಯಾಂಪ್ಕೊ ಕಥೆ. 1970ರ ಸುಮಾರಿಗೆ ಅಡಿಕೆ ಬೆಲೆ ಪೂರ್ತಿ ಕುಸಿದು ಬೆಳೆಗಾರರು ಕಂಗಾಲಾಗಿದ್ದರು. ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ 1973ರ ಜುಲೈ 11ರಂದು ಸಂಸ್ಥೆ ಸ್ಥಾಪಿಸಿದರು. ಕಾಸರಗೋಡಿನ ನಮ್ಮ ಕನ್ನಡದ ಬೆಳೆಗಾರರೂ ಅದರಲ್ಲಿದ್ದಾರೆ. ಆಗ ಅವರು ಮಾಡಿದ್ದು ಒಂದೇ ಕೆಲಸ. ಅಡಿಕೆ ಕೊಳ್ಳುವುದು, ಮಾರುವುದು.

ಕೋಕೋ ಬಂದದ್ದು ಬೇರೆ ದಾರಿಯಲ್ಲಿ. ಅಡಿಕೆ ತೋಟದ ನೆರಳಲ್ಲಿ ಕೋಕೋ ಹಾಕಿ ಎಂದು ಚಾಕಲೇಟ್ ಕಂಪನಿಯವರು ಪ್ರೋತ್ಸಾಹ ಕೊಟ್ಟಿದ್ದರು, ರೈತರು ನಂಬಿ ಹಾಕಿದ್ದರು. 1980ರ ಹೊತ್ತಿಗೆ ಹೊರದೇಶದ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಕೋಕೋದ ಹಸಿ ಬೀಜ ನಮ್ಮ ಹಾಲಿನ ಹಾಗೆಯೇ, ಬೆಲೆ ಬರಲಿ ಅಂತ ಮನೇಲಿ ಇಟ್ಕೊಳ್ಳೋಕೆ ಆಗಲ್ಲ, ಕೆಡುತ್ತದೆ. ರೈತರು ಮರ ಕಡಿಯುವ ಸ್ಥಿತಿಗೆ ಬಂದಾಗ ಕ್ಯಾಂಪ್ಕೊ ಕೋಕೋ ಕೊಳ್ಳಲು ಇಳಿಯಿತು.

ಇಲ್ಲಿ ಗಮನಿಸಿ. ಅವರು ಮಾರನೇ ವರ್ಷವೇ ಕಾರ್ಖಾನೆ ಕಟ್ಟಲಿಲ್ಲ. ಹಸಿ ಬೀಜ ಕೊಂಡರು, ಹುದುಗು ಬರಿಸಿದರು, ಒಣಗಿಸಿದರು, ಒಣಬೀಜವನ್ನು ಹೊರದೇಶಕ್ಕೂ ಮಾರಿದರು. ಎಷ್ಟು ಬೀಜ ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ, ಯಾರು ಕೊಳ್ಳುತ್ತಾರೆ ಎಂಬುದು ಕೈಗೆ ಹತ್ತಿದ ಮೇಲೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಎದ್ದಿತು. ಮಧ್ಯೆ ಆರು ವರ್ಷ. ಆ ಆರು ವರ್ಷವನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ, ಕಾರ್ಖಾನೆ ಮಾತ್ರ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಆರು ವರ್ಷವೇ ದೊಡ್ಡ ಕೆಲಸ.

ಇಷ್ಟು ಓದಿದವರು, ಹಾಗಾದರೆ ನಮಗೆ ಹಾಲು ತುಂಬಿ ಚೆಲ್ಲುವ ತನಕ ಸುಮ್ಮನಿರಬೇಕೇ ಎಂದು ಕೇಳಬಹುದು. ಕೇಳಲೇಬೇಕು. ಯಾಕಂದ್ರೆ ನಮ್ಮ ಕೆಂಗೇರಿ ಕಡೆ ಪರಿಸ್ಥಿತಿ ತಿರುಗಾಮುರುಗಾ. 2007ರಲ್ಲಿ ಕೆಂಗೇರಿ ಬೃಹತ್ ಬೆಂಗಳೂರು ಪಾಲಿಕೆಗೆ ಸೇರಿತು, 2021ರಲ್ಲಿ ಮೆಟ್ರೋ ರೈಲು ಬಂತು. ಹುಲ್ಲು ಬೆಳೆದ ಹೊಲದಲ್ಲಿ ಲೇಔಟು ಕಲ್ಲು ನೆಟ್ಟಿದ್ದಾರೆ. ವೃಷಭಾವತಿ ನೀರಿನ ಬಗ್ಗೆ ನಾನು ಹೇಳುವುದೇ ಬೇಡ, ಮೂಗಿದ್ದವರಿಗೆಲ್ಲ ಗೊತ್ತು. ನಾಲ್ಕು ಹಸು ಕಟ್ಟಿದ ಮನೆಯಲ್ಲಿ ಈಗ ಒಂದಿದೆ, ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆ ಮನೆ ಎದ್ದಿದೆ. ಹಾಲು ಕಮ್ಮಿ ಆಗುತ್ತಿದೆ, ಕೊಳ್ಳುವವರು ಮಾತ್ರ ಮನೆ ಬಾಗಿಲಿಗೇ ಬಂದಿದ್ದಾರೆ.

ಇಂಥ ಇಕ್ಕಟ್ಟಿನಲ್ಲಿ ಬೆಳೆದವರೂ ಇದ್ದಾರೆ. ಅವರು ಸಹಕಾರಿಗಳಲ್ಲ, ಆದರೂ ಬೆಂಗಳೂರಿನವರೇ ಆದ್ದರಿಂದ ಹೇಳುತ್ತೇನೆ. 1924ರಲ್ಲಿ ಶುರುವಾದ ಎಂ.ಟಿ.ಆರ್. ಹೋಟೆಲು 1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿ ಬೆಲೆ ಇಳಿಸಬೇಕಾಗಿ ಬಂದು ನಷ್ಟಕ್ಕೆ ಬಿತ್ತು. ಹೋಟೆಲು ಮುಚ್ಚಿದಾಗ ಅವರು ಪುಡಿ, ಮಿಕ್ಸ್‌ಗಳನ್ನು ಪ್ಯಾಕೆಟ್ಟು ಮಾಡಿ ಮಾರಲು ಹೊರಟರು, ಅದೇ ದೊಡ್ಡ ವ್ಯಾಪಾರವಾಯಿತು. ಆದರೆ ಅವರು ಹೊಸದಾಗಿ ಏನೂ ಕಲಿಯಬೇಕಿರಲಿಲ್ಲ. ಐವತ್ತು ವರ್ಷ ಅಡಿಗೆ ಮಾಡಿದ ಕೈ, ಹದ ಗೊತ್ತಿತ್ತು. ಪ್ಯಾಕೆಟ್ ವ್ಯಾಪಾರವನ್ನು 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಕಂಪನಿಗೆ ಮಾರಿದರು, ಹೋಟೆಲು ಮನೆಯವರ ಬಳಿಯೇ ಉಳಿಯಿತು. ಸ್ವಂತ ವ್ಯಾಪಾರಸ್ಥರು ಹಾಗೆ ಬಿಡಿಸಿಕೊಂಡು ಬರಬಹುದು. ನಮ್ಮ ಸಂಘ ಸಾಲಕ್ಕೆ ಬಿದ್ದರೆ ಷೇರುದಾರರಾದ ನಾವೇ ಹೊರಬೇಕು, ಒಂದೇ ಹಸುವಿನ ವಿಧವೆ ತಾಯಿಯೂ ಸೇರಿ.

ನಮಗೆ ಗೊತ್ತಿರುವುದು ಏನು? ಡಿಗ್ರಿ, ಫ್ಯಾಟು ನೋಡುವುದು, ಹೊತ್ತಿಗೆ ಸರಿಯಾಗಿ ಹಾಲು ಕಳಿಸುವುದು, ಬಟವಾಡೆ ತಪ್ಪಿಸದಿರುವುದು. ಪೇಡ ಕಾಯಿಸಿದ ಕೈ ನಮ್ಮಲ್ಲಿ ಯಾರದ್ದೂ ಇಲ್ಲ. ಅದಕ್ಕೇ ನಾನು ಮಂಡಳಿಯಲ್ಲಿ ಹೇಳಿರುವುದು ಇಷ್ಟು. ಘಟಕದ ಸಾಲ ಈಗ ಬೇಡ. ಮೊದಲು ಬೈಲಾ ಏನು ಹೇಳುತ್ತದೆ, ಒಕ್ಕೂಟದವರು ಒಪ್ಪುತ್ತಾರಾ ಕೇಳೋಣ. ಒಪ್ಪಿದರೆ ಬಾಡಿಗೆ ಜಾಗದಲ್ಲಿ, ಒಬ್ಬ ಕೆಲಸ ಬಲ್ಲವರನ್ನು ಇಟ್ಟು, ಒಂದು ವರ್ಷ ಪನೀರ್ ಒಂದನ್ನೇ ಮಾಡಿ ಮಾರಿ ನೋಡೋಣ. ಅದೇ ವರ್ಷದಲ್ಲಿ ಇನ್ನು ಹತ್ತು ವರ್ಷ ಹಸು ಕಟ್ಟುವವರು ಎಷ್ಟು ಮನೆ ಎಂದು ಮನೆ ಮನೆಗೆ ಹೋಗಿ ಕೇಳಿ ಬರೆಯೋಣ. ಮಕ್ಕಳನ್ನೂ ಕೇಳಬೇಕು, ಅಪ್ಪಂದಿರನ್ನು ಮಾತ್ರ ಅಲ್ಲ. ಪಕ್ಕದ ಊರಿನ ಸಂಘಗಳ ಹಾಲೂ ಸೇರುವುದಾದರೆ ಲೆಕ್ಕವೇ ಬೇರೆ ಆಗುತ್ತದೆ.

ಅಧ್ಯಕ್ಷರೂ ಇನ್ನಿಬ್ಬರು ನಿರ್ದೇಶಕರೂ ಇದಕ್ಕೆ ಒಪ್ಪಿಲ್ಲ. ಈಗ ಬಿಟ್ಟರೆ ಜಾಗದ ಬೆಲೆ, ಯಂತ್ರದ ಬೆಲೆ ಎರಡೂ ಏರುತ್ತವೆ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ವಿಷಯ ಸರ್ವಸದಸ್ಯರ ಸಭೆಗೆ ಬರಲಿದೆ. ಒಬ್ಬರಿಗೆ ಒಂದೇ ಮತ, ಹತ್ತು ಹಸು ಇದ್ದರೂ ಅಷ್ಟೆ, ಒಂದಿದ್ದರೂ ಅಷ್ಟೆ. ಹಾಲಿನ ಲೆಕ್ಕದ ಪುಸ್ತಕ ಮತ್ತು ಘಟಕದ ಅಂದಾಜು ಪಟ್ಟಿಯನ್ನು ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಸಂಘದ ಕಚೇರಿಯಲ್ಲಿ ಎಲ್ಲರೂ ನೋಡಲು ಇಡಲಾಗಿದೆ. ಓದಲು ಬಾರದವರಿಗೆ ಕಾರ್ಯದರ್ಶಿಯವರು ಓದಿ ಹೇಳುತ್ತಾರೆ.