ಗುರಿ ತಪ್ಪುವ ಗುಂಡು: ಕೈಯಿಂದ ತುಂಬಿದ ತೋಟೆಗಳ ದೋಷಶೋಧನೆಯ ಚರಿತ್ರೆ

ಆಯುಧಗಳ ಚರಿತ್ರೆಯು ಸಾಮಾನ್ಯವಾಗಿ ಆವಿಷ್ಕಾರಗಳ ಚರಿತ್ರೆಯಾಗಿ ಅಥವಾ ಯುದ್ಧಗಳ ಚರಿತ್ರೆಯಾಗಿ ರಚಿತವಾಗಿದೆ. ಯಾವ ಬಂದೂಕು ಯಾವ ವರ್ಷ ಬಳಕೆಗೆ ಬಂದಿತು, ಅದರಿಂದ ಯಾರಿಗೆ ಜಯ ದೊರೆಯಿತು ಎಂಬ ವಿವರಗಳು ಧಾರಾಳವಾಗಿ ದೊರೆಯುತ್ತವೆ. ಆದರೆ ಹಾರಿಸಿದ ಗುಂಡು ಗುರಿಯನ್ನು ಏಕೆ ತಪ್ಪಿತು ಎಂಬ ಪ್ರಶ್ನೆಗೆ ಮನುಷ್ಯನು ಕಾಲಕಾಲಕ್ಕೆ ಕೊಟ್ಟುಕೊಂಡ ಉತ್ತರಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆದವರು ವಿರಳ. ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿಯನ್ನು ಬಳಸಿದವರಿಗೆ ಈ ಪ್ರಶ್ನೆ ಹೊಸದೇನಲ್ಲ. ಅಲ್ಲಿ ಪ್ರತಿಯೊಂದು ಈಡೂ ಕೈಯಿಂದಲೇ ತುಂಬಿದ್ದು. ಮದ್ದನ್ನು ಅಳೆದು ಸುರಿದು, ಸಲಾಕೆಯಿಂದ ಜಡಿದು, ಗುಂಡನ್ನಿಳಿಸಿ, ಕೇಪು ಏರಿಸುವ ಅಷ್ಟೂ ಕೆಲಸ ಒಬ್ಬನದೇ. ಅದೇ ಕೋವಿ, ಅದೇ ಕೈ, ಅದೇ ಅಳತೆಯ ಮದ್ದು. ಆದರೂ ಒಂದು ಗುಂಡು ಬಿದ್ದಲ್ಲಿ ಇನ್ನೊಂದು ಬೀಳುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು?

ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಹದಿನೆಂಟನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯ ಶತಮಾನದ ಮೊದಲ ಪಾದದವರೆಗೆ ಈ ಪ್ರಶ್ನೆ ಹೇಗೆ ಬೆಳೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಚರಿತ್ರೆಯು ಎರಡು ಸಂದರ್ಭಗಳಲ್ಲಿ ಭಾರತದ ನೆಲವನ್ನೂ ಮುಟ್ಟುತ್ತದೆ. ಗುರಿ ತಪ್ಪಿದಾಗ ಕಣ್ಣಿಗೆ ಮೊದಲು ಕಂಡ ಕಾರಣವು ಬಹುತೇಕ ನಿಜವಾದ ಕಾರಣವಾಗಿರಲಿಲ್ಲ. ಒಂದು ಕಾರಣವನ್ನು ಉಳಿದವುಗಳಿಂದ ಬಿಡಿಸಿ ಅದೊಂದನ್ನೇ ಬದಲಿಸಿ ನೋಡುವ ಉಪಾಯ ದೊರೆತಾಗ ಮಾತ್ರ ತಿಳಿವಳಿಕೆ ಮುಂದೆ ಸಾಗಿತು ಎಂಬುದು ಇಲ್ಲಿ ಮಂಡಿಸಲಾಗುವ ಮುಖ್ಯ ವಿಚಾರ.

ಬಾಗಿದ ನಳಿಗೆಯ ಪ್ರಯೋಗ

ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ’ ಎಂಬ ಗ್ರಂಥವು ಈ ಶಾಸ್ತ್ರಕ್ಕೆ ಭದ್ರವಾದ ಬುನಾದಿ ಹಾಕಿತು. ಗುಂಡಿನ ವೇಗವನ್ನು ಅಳೆಯಲು ಆತ ತೂಗುವ ಲೋಲಕವೊಂದನ್ನು ಬಳಸಿದ. ಭಾರವಾದ ಲೋಲಕಕ್ಕೆ ಗುಂಡು ತಗುಲಿದಾಗ ಅದು ಎಷ್ಟು ದೂರ ತೂಗುತ್ತದೆ ಎಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಬಹುದಾಗಿತ್ತು. ಅದುವರೆಗೆ ಊಹೆಯ ವಿಷಯವಾಗಿದ್ದ ವೇಗವು ಹೀಗೆ ಅಳತೆಗೆ ಸಿಕ್ಕಿತು. ಈ ಗ್ರಂಥವನ್ನು ಲಿಯೊನಾರ್ಡ್ ಆಯ್ಲರ್ 1745ರಲ್ಲಿ ವಿಸ್ತಾರವಾದ ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ತಂದದ್ದು ಅದರ ಮಹತ್ವಕ್ಕೆ ಸಾಕ್ಷಿಯಾಗಿದೆ.

ನಯವಾದ ನಳಿಗೆಯ ಬಂದೂಕಿನ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯುವುದಕ್ಕೆ ಕಾರಣವೇನೆಂಬುದು ರಾಬಿನ್ಸನ ಮುಂದಿದ್ದ ಪ್ರಶ್ನೆ. ಗುಂಡು ನಳಿಗೆಯ ಗೋಡೆಗೆ ಉಜ್ಜಿಕೊಂಡು ಹೊರಬರುವಾಗ ಅದಕ್ಕೊಂದು ತಿರುಗುವಿಕೆ ಅಂಟಿಕೊಳ್ಳುತ್ತದೆ, ಆ ತಿರುಗುವಿಕೆಗೆ ಗಾಳಿ ತೋರುವ ಪ್ರತಿರೋಧವೇ ಗುಂಡನ್ನು ಪಕ್ಕಕ್ಕೆ ಎಳೆಯುತ್ತದೆ ಎಂದು ಆತ ತರ್ಕಿಸಿದ. ಇದನ್ನು ಸಾಧಿಸಿ ತೋರಿಸಲು ಒಂದು ನಳಿಗೆಯ ಬಾಯಿಯ ಕಡೆಯನ್ನು ಎಡಕ್ಕೆ ಬಗ್ಗಿಸಿ, ತೆಳು ಕಾಗದದ ಪರದೆಗಳ ಮೂಲಕ ಗುಂಡು ಹಾರಿಸಿದ. ನಳಿಗೆ ಎಡಕ್ಕೆ ಬಾಗಿದ್ದರಿಂದ ಗುಂಡು ಮೊದಲು ಎಡಕ್ಕೆ ಹೊರಟಿತು. ಆದರೆ ಬಲಗೋಡೆಗೆ ಉಜ್ಜಿ ತಿರುಗತೊಡಗಿದ್ದ ಕಾರಣ ಮುಂದೆ ಬಲಕ್ಕೆ ಹೊರಳಿತು. ಪರದೆಗಳಲ್ಲಿನ ತೂತುಗಳ ಸಾಲೇ ಈ ಮಾತಿಗೆ ಪ್ರಮಾಣವಾಯಿತು. ಹಲವು ಕಾರಣಗಳ ನಡುವೆ ಒಂದನ್ನು ಬೇಕೆಂದೇ ದೊಡ್ಡದು ಮಾಡಿ, ಅದರ ಫಲವನ್ನು ಮುಂಚಿತವಾಗಿ ಹೇಳಿ, ಆಮೇಲೆ ಪರೀಕ್ಷಿಸಿದ ಈ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು.

ತಿರುಗುವಿಕೆ ಅನಿವಾರ್ಯವಾದರೆ ಅದನ್ನು ಗುಂಡಿನ ಪಯಣದ ದಿಕ್ಕಿನ ಅಕ್ಷಕ್ಕೆ ಕಟ್ಟಿಹಾಕುವುದೇ ಪರಿಹಾರ. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಕೊರೆಯುವ ರೈಫಲ್ ಪದ್ಧತಿ ಅದಾಗಲೇ ಬಳಕೆಯಲ್ಲಿತ್ತು. ಅದು ಏಕೆ ಫಲಕಾರಿ ಎಂಬುದನ್ನು ರಾಬಿನ್ಸ್ 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ. ಈ ವಿದ್ಯೆಯನ್ನು ಮೊದಲು ಪೂರ್ಣವಾಗಿ ಕರಗತ ಮಾಡಿಕೊಳ್ಳುವ ರಾಷ್ಟ್ರಕ್ಕೆ ಸೈನ್ಯದಲ್ಲಿ ಮೇಲುಗೈ ದೊರೆಯುವುದೆಂದು ಆತ ಎಚ್ಚರಿಸಿದ್ದ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಮುಖ್ಯ ಎಂಜಿನಿಯರನಾಗಿ ಕೋರಮಂಡಲ ತೀರಕ್ಕೆ ಬಂದ ರಾಬಿನ್ಸ್, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಆತನ ಎಚ್ಚರಿಕೆಯು ಸೈನ್ಯಗಳಲ್ಲಿ ಸಾರ್ವತ್ರಿಕವಾಗಿ ಕಾರ್ಯರೂಪಕ್ಕೆ ಬರಲು ಇನ್ನೊಂದು ಶತಮಾನ ಕಳೆಯಬೇಕಾಯಿತು.

ಜಿಡ್ಡಿನ ಪ್ರಶ್ನೆ

ಈ ವಿಳಂಬಕ್ಕೆ ಮುಖ್ಯ ಕಾರಣ ಕರಿಮದ್ದಿನ ಮಸಿ. ಸುರುಳಿ ತೋಡುಗಳನ್ನು ಹಿಡಿಯಬೇಕಾದರೆ ಗುಂಡು ಬಿಗಿಯಾಗಿರಬೇಕು; ಬಿಗಿಯಾಗಿದ್ದರೆ ಕೆಲವು ಈಡುಗಳ ನಂತರ ಮಸಿಗಟ್ಟಿದ ನಳಿಗೆಯಲ್ಲಿ ಅದನ್ನು ಇಳಿಸುವುದು ಕಷ್ಟ. ಬುಡದಲ್ಲಿ ಟೊಳ್ಳಿರುವ ಗುಂಡು ಈ ತೊಡಕನ್ನು ಬಿಡಿಸಿತು. ಸಡಿಲವಾಗಿ ಇಳಿಯುವ ಅಂಥ ಗುಂಡು ಮದ್ದು ಸಿಡಿದಾಗ ಅರಳಿ ತೋಡುಗಳನ್ನು ಹಿಡಿಯುತ್ತಿತ್ತು. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕು ಇದೇ ತತ್ತ್ವವನ್ನು ಅನುಸರಿಸಿತ್ತು. ಅದರ ನಳಿಗೆಯ ಒಳವ್ಯಾಸ 0.577 ಅಂಗುಲ, ಗುಂಡಿನ ವ್ಯಾಸ 0.568 ಅಂಗುಲ, ಅಂದರೆ ನಡುವಿನ ತೆರಪು ಒಂದು ಅಂಗುಲದ ಸಾವಿರದ ಒಂಬತ್ತು ಭಾಗ ಮಾತ್ರ. ಇಷ್ಟು ಕಿರಿದಾದ ತೆರಪಿನಲ್ಲಿ ಗುಂಡು ಸುಗಮವಾಗಿ ಇಳಿಯಲು, ಮಸಿ ಮೆತ್ತಗಿರಲು ತೋಟೆಯ ಕಾಗದಕ್ಕೆ ಜಿಡ್ಡು ಸವರುವುದು ಅಗತ್ಯವಾಗಿತ್ತು.

1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಈ ಜಿಡ್ಡು ದನ ಮತ್ತು ಹಂದಿಯ ಕೊಬ್ಬೆಂಬ ಸುದ್ದಿ ಹಬ್ಬಿ ಸಿಪಾಯಿಗಳಲ್ಲಿ ಕಳವಳ ಹುಟ್ಟಿಸಿದುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಆ ಮಹಾ ಹೋರಾಟದ ಕಾರಣಗಳು ಅನೇಕ, ಆಳವಾದವು. ಅವನ್ನು ಒಂದು ತೋಟೆಗೆ ಇಳಿಸಲಾಗದು. ಆದರೆ ಆ ಜಿಡ್ಡು ತೋಟೆಯ ಮೇಲೆ ಏಕಿತ್ತು ಎಂಬ ಪ್ರಶ್ನೆಗೆ ಉತ್ತರವು ಗುರಿಯ ಶಾಸ್ತ್ರದಲ್ಲಿದೆ. ಗುಂಡಿನ ಒಂದು ದೋಷಕ್ಕೆ ಕಾರ್ಖಾನೆಯಲ್ಲಿ ಹುಡುಕಿದ ಪರಿಹಾರವು, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾದವನ ಧರ್ಮ ಮತ್ತು ಮರ್ಯಾದೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಲ್ಲಿಯ ಬಿಸಿಲು ಕೂಡ ಆ ಲೆಕ್ಕವನ್ನು ತಪ್ಪಿಸಿತು. ಸೆಕೆಗೆ ಜಿಡ್ಡು ಕರಗಿಹೋದ ತೋಟೆಗಳನ್ನು ತುಂಬುವುದು ಕಷ್ಟವಾದುದರಿಂದ, ಮುಂದೆ ಗುಂಡಿನ ವ್ಯಾಸವನ್ನು 0.550 ಅಂಗುಲಕ್ಕೆ ಇಳಿಸಲಾಯಿತು. ತೆರಪು ಮೂರು ಪಟ್ಟು ಹೆಚ್ಚಿತು. ಬುಡದ ಅರಳುವಿಕೆಯೇ ಆ ಕೊರತೆಯನ್ನು ತುಂಬಿಕೊಡಬೇಕಾಯಿತು.

ವಿಟ್‌ವರ್ತ್‌ನ ಅಳತೆಗಳು

ಇದೇ ಕಾಲದಲ್ಲಿ ಯಂತ್ರನಿರ್ಮಾಪಕ ಜೋಸೆಫ್ ವಿಟ್‌ವರ್ತ್ ಸರ್ಕಾರದ ಕೋರಿಕೆಯ ಮೇರೆಗೆ ಮ್ಯಾಂಚೆಸ್ಟರಿನಲ್ಲಿ 500 ಗಜ ಉದ್ದದ ಮುಚ್ಚಿದ ಪರೀಕ್ಷಾ ಶಾಲೆಯನ್ನು ಕಟ್ಟಿಸಿ, ಗಾಳಿಯ ಹಾವಳಿಯನ್ನು ದೂರವಿಟ್ಟು ಪ್ರಯೋಗ ನಡೆಸಿದ. ಎನ್‌ಫೀಲ್ಡಿನ ಸುರುಳಿ 78 ಅಂಗುಲಗಳಿಗೆ ಒಂದು ಸುತ್ತು ಬರುತ್ತಿದ್ದರೆ, ವಿಟ್‌ವರ್ತ್ ಆರಿಸಿಕೊಂಡದ್ದು 20 ಅಂಗುಲಗಳಿಗೆ ಒಂದು ಸುತ್ತು. 0.451 ಅಂಗುಲದ ಷಟ್ಕೋನಾಕಾರದ ನಳಿಗೆಗೆ ವ್ಯಾಸದ ಸುಮಾರು ಮೂರು ಪಟ್ಟು ಉದ್ದದ ಗುಂಡನ್ನು ಆತ ಬಳಸಿದ. 1857ರಲ್ಲಿ ಹೈತ್‌ನ ಸೈನಿಕ ಶಾಲೆಯಲ್ಲಿ ನಡೆದ ಸ್ಪರ್ಧಾ ಪರೀಕ್ಷೆಯಲ್ಲಿ 500 ಗಜ ದೂರದಲ್ಲಿ ಎನ್‌ಫೀಲ್ಡ್ ಗುಂಡುಗಳ ಸರಾಸರಿ ವಿಚಲನ 2.24 ಅಡಿಗಳಾಗಿದ್ದರೆ, ವಿಟ್‌ವರ್ತ್ ಬಂದೂಕಿನದು 0.37 ಅಡಿ. ಆದರೂ ಬೇಗನೆ ಮಸಿಗಟ್ಟುವುದು ಹಾಗೂ ದುಬಾರಿ ಬೆಲೆಗಳ ಕಾರಣದಿಂದ ಸೈನ್ಯವು ಅದನ್ನು ಸಾಮಾನ್ಯ ಬಳಕೆಗೆ ಒಪ್ಪಲಿಲ್ಲ.

ಉದ್ದನೆಯ ಗುಂಡಿಗೆ ತ್ವರಿತವಾದ ಸುರುಳಿ ಬೇಕೆಂಬ ಈ ಅನುಭವವನ್ನು ವೂಲಿಚ್‌ನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಸೂತ್ರಕ್ಕಿಳಿಸಿದ. 150ನ್ನು ಗುಂಡಿನ ವ್ಯಾಸದ ವರ್ಗದಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಸಾಕಾಗುವಷ್ಟು ಸುರುಳಿಯ ಅಳತೆ ದೊರೆಯುತ್ತದೆ. ವಿಟ್‌ವರ್ತ್‌ನ ಗುಂಡಿಗೆ ಇದನ್ನು ಅನ್ವಯಿಸಿದರೆ ಸುಮಾರು 22.5 ಅಂಗುಲ ಬರುತ್ತದೆ. ಆತ ಪ್ರಯೋಗದಿಂದ ತಲುಪಿದ 20 ಅಂಗುಲಕ್ಕೆ ಇದು ಬಹಳ ಸಮೀಪ. ತಕ್ಕ ಸುರುಳಿಯಿಲ್ಲದ ನಳಿಗೆಯಲ್ಲಿ ಉದ್ದನೆಯ ಗುಂಡು ಬಳಸಿ, ದೋಷವನ್ನು ಮದ್ದಿನ ಮೇಲೆ ಹೊರಿಸುವ ತಪ್ಪಿಗೆ ಈ ಸೂತ್ರವು ಉತ್ತರವಾಯಿತು.

ವೈದ್ಯನೊಬ್ಬನ ಕಾಗದದ ಪರದೆಗಳು

ಹಿತ್ತಾಳೆ ತೋಟೆಗಳು ರೂಢಿಗೆ ಬಂದ ಮೇಲೆ, ಹಾರಿಸಿದ ತೋಟೆಯನ್ನು ಎಸೆಯದೆ ಹೊಸ ಕೇಪು, ಮದ್ದು, ಗುಂಡುಗಳನ್ನು ಹಾಕಿ ಮತ್ತೆ ಬಳಸುವ ಪದ್ಧತಿ ಅಮೆರಿಕದಲ್ಲಿ ಗೃಹಕೈಗಾರಿಕೆಯಂತೆ ಹರಡಿತು. ಜಾನ್ ಬಾರ್ಲೊ 1884ರಲ್ಲಿ ಆರಂಭಿಸಿದ ಐಡಿಯಲ್ ಕಂಪನಿಯು ಇದಕ್ಕೆ ಬೇಕಾದ ಅಚ್ಚು, ಇಕ್ಕಳಗಳನ್ನು ಮನೆಮನೆಗೆ ಒದಗಿಸಿತು. ಹೀಗೆ ತುಂಬುವವನೇ ಪರೀಕ್ಷಕನಾದ. ಈ ಪರಂಪರೆಯ ಶ್ರೇಷ್ಠ ಪ್ರತಿನಿಧಿ ಮ್ಯಾಸಚೂಸೆಟ್ಸ್‌ನ ಮಿಲ್‌ಫೋರ್ಡಿನ ವೈದ್ಯ ಫ್ರಾಂಕ್ಲಿನ್ ಮ್ಯಾನ್. ಗುಂಡಿನ ಪಯಣವನ್ನು ಕುರಿತ ಆತನ ಬೃಹತ್ ಗ್ರಂಥವು 1909ರಲ್ಲಿ ಪ್ರಕಟವಾಯಿತು.

ಮ್ಯಾನ್ ಮೊದಲು ಮನುಷ್ಯನನ್ನೇ ಲೆಕ್ಕದಿಂದ ಹೊರಗಿಟ್ಟ. ಅಲುಗದ ಕಾಂಕ್ರೀಟ್ ಕಟ್ಟೆಯ ಮೇಲೆ ನಳಿಗೆಯನ್ನು ಕೂರಿಸಿ ಹಾರಿಸಿದ್ದರಿಂದ ಕೈ ನಡುಗಿತು, ಕಣ್ಣು ತಪ್ಪಿತು ಎಂಬ ಸಬೂಬಿಗೆ ಅವಕಾಶವಿರಲಿಲ್ಲ. ಆದರೂ ಗುಂಡುಗಳು ಚದುರಿದವು. ಆಗ ರಾಬಿನ್ಸನಂತೆ ಆತನೂ ಕಾಗದದ ಪರದೆಗಳನ್ನು ದಾರಿಯುದ್ದಕ್ಕೂ ನಿಲ್ಲಿಸಿ ಗುಂಡು ಎಲ್ಲಿ ಓರೆಯಾಯಿತೆಂದು ನೋಡಿದ. ಗುಂಡುಗಳನ್ನು ಬೇಕೆಂದೇ ಅಸಮತೋಲಗೊಳಿಸಿ, ಅವು ಚದುರುವುದರಲ್ಲಿಯೂ ಒಂದು ಕ್ರಮವಿದೆಯೆಂದು ತೋರಿಸಿದ. ದೋಷದ ಬಹುಪಾಲು ಗುಂಡಿನಲ್ಲಿಯೇ, ಅದರಲ್ಲೂ ಸಮತೋಲವಿಲ್ಲದ ಒಡಲಿನಲ್ಲಿ ಮತ್ತು ಕೆಟ್ಟ ಬುಡದಲ್ಲಿದೆ ಎಂಬುದು ಆತನ ನಿರ್ಣಯ.

ಇದರ ಮಹತ್ವವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ನಳಿಗೆಯೊಳಗೆ ಗುಂಡು ತನ್ನ ಆಕಾರದ ನಡುಗೆರೆಯ ಸುತ್ತ ತಿರುಗುತ್ತದೆ. ಹೊರಬಂದೊಡನೆ ತೂಕದ ಕೇಂದ್ರದ ಸುತ್ತ ತಿರುಗತೊಡಗುತ್ತದೆ. ಇವೆರಡರ ನಡುವೆ ಒಂದು ಅಂಗುಲದ ಸಾವಿರದ ಒಂದು ಭಾಗದಷ್ಟು ವ್ಯತ್ಯಾಸವಿದ್ದು, ಸುರುಳಿಯು 10 ಅಂಗುಲಗಳಿಗೆ ಒಂದು ಸುತ್ತು ಬರುವಂತಿದ್ದರೆ, 100 ಗಜ ದೂರದಲ್ಲಿ ಗುಂಡು ಸುಮಾರು ಎರಡೂಕಾಲು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಈ ಲೆಕ್ಕದಲ್ಲಿ ಗುಂಡಿನ ವೇಗಕ್ಕೆ ಸ್ಥಾನವೇ ಇಲ್ಲ. ಆದುದರಿಂದ ಮದ್ದನ್ನು ಹೆಚ್ಚಿಸಿ ಅಥವಾ ತಗ್ಗಿಸಿ ಈ ದೋಷವನ್ನು ಹೋಗಲಾಡಿಸಲಾಗದು. ನಳಿಗೆ ನಿರ್ಮಾಣದಲ್ಲಿ ಹೆಸರಾದ ಹ್ಯಾರಿ ಪೋಪ್ ಗುಂಡನ್ನು ನಳಿಗೆಯ ಬಾಯಿಯಿಂದಲೂ, ಮದ್ದಿನ ತೋಟೆಯನ್ನು ಹಿಂದಿನಿಂದಲೂ ತುಂಬುವ ಕ್ರಮವನ್ನು ರೂಪಿಸಿದ್ದರ ಹಿಂದೆ, ಗುಂಡಿನ ಬುಡದ ಅಂಚು ಕೆಡಬಾರದೆಂಬ ಇದೇ ಕಾಳಜಿಯಿತ್ತು.

ತಪ್ಪು ಆರೋಪ, ಅಪಾಯದ ಪರಿಹಾರ

ಹೊಗೆರಹಿತ ಮದ್ದು ಬಂದ ಮೇಲೆ ನಳಿಗೆಗಳು ಬೇಗನೆ ತುಕ್ಕುಹಿಡಿದು ಗುರಿ ಕೆಡತೊಡಗಿತು. ಆರೋಪವು ಸಹಜವಾಗಿಯೇ ಹೊಸ ಮದ್ದಿನ ಮೇಲೆ ಬಂತು. ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ನಡೆಸಿದ ಸಂಶೋಧನೆಯು ನಿಜವಾದ ಅಪರಾಧಿ ಕೇಪು ಎಂದು ತೋರಿಸಿತು. ಕೇಪಿನೊಳಗಿನ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಳಿಯುವ ಲವಣವು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತಿತ್ತು. ಕರಿಮದ್ದಿನ ಕಾಲದಲ್ಲಿ ಮಸಿಯನ್ನು ಕಳೆಯಲು ನಳಿಗೆಯನ್ನು ನೀರಿನಿಂದ ತೊಳೆಯುತ್ತಿದ್ದರು; ಆ ನೀರಿನಲ್ಲಿ ಲವಣವೂ ಕರಗಿಹೋಗುತ್ತಿತ್ತು. ಹೊಸ ಮದ್ದು ಮಸಿ ಬಿಡದ ಕಾರಣ ತೊಳೆಯುವುದು ನಿಂತಿತು, ಎಣ್ಣೆ ಒರೆಸುವುದು ಬಂದಿತು. ಎಣ್ಣೆಯಲ್ಲಿ ಲವಣ ಕರಗುವುದಿಲ್ಲ. ಬದಲಾದದ್ದು ಮದ್ದೊಂದೇ ಅಲ್ಲ, ಅದರೊಡನೆ ಒಂದು ಅಭ್ಯಾಸವೂ ಬದಲಾಗಿತ್ತು ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

1921ರ ಘಟನೆ ಇನ್ನೂ ಗಂಭೀರವಾದುದು. ಗುಂಡಿನ ಹೊರಕವಚದಲ್ಲಿದ್ದ ತಾಮ್ರ-ನಿಕ್ಕಲ್ ಮಿಶ್ರಲೋಹವು ನಳಿಗೆಗೆ ಮೆತ್ತಿಕೊಂಡು ಗುರಿ ಕೆಡಿಸುತ್ತಿತ್ತು. ಅದರ ನಿವಾರಣೆಗಾಗಿ ಆ ವರ್ಷದ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳಿಗೆ ಫ್ರಾಂಕ್‌ಫರ್ಡ್ ಶಸ್ತ್ರಾಗಾರವು ತವರ ಲೇಪಿಸಿದ ಗುಂಡುಗಳನ್ನು ತಯಾರಿಸಿತು. ಸ್ಪರ್ಧಿಗಳು ಅದೇ ದೋಷಕ್ಕೆ ಮೊದಲೇ ಕಂಡುಕೊಂಡಿದ್ದ ಮದ್ದು ಗುಂಡಿಗೆ ಜಿಡ್ಡು ಹಚ್ಚುವುದು. ಎರಡೂ ಬಿಡಿಬಿಡಿಯಾಗಿ ತಕ್ಕಮಟ್ಟಿಗೆ ನಿರುಪದ್ರವಿಗಳು. ಆದರೆ ತವರವು ಕಾಲಕ್ರಮದಲ್ಲಿ ತೋಟೆಯ ಕುತ್ತಿಗೆಗೆ ಬೆಸೆದುಕೊಂಡಿತ್ತು. ತೋಟೆಯ ಕುತ್ತಿಗೆ ಅರಳಲು ಬೇಕಾದ ಜಾಗವನ್ನು ಜಿಡ್ಡು ತುಂಬಿತು. ಗುಂಡು ಕಳಚಿಕೊಳ್ಳಲಾಗದೆ ಒತ್ತಡವು ಅಪಾಯದ ಮಟ್ಟಕ್ಕೇರಿತು. ಒಂದೇ ದೋಷಕ್ಕೆ ಇಬ್ಬರು ಪರಸ್ಪರ ತಿಳಿಯದೆ ಹುಡುಕಿದ ಎರಡು ಪರಿಹಾರಗಳು ಕೂಡಿ ಹೊಸ ವಿಪತ್ತನ್ನು ತಂದವು. ತಾಮ್ರ ಮತ್ತು ಸತುವಿನ ಮಿಶ್ರಲೋಹದ ಕವಚ ಬಂದ ಮೇಲೆ ಮೂಲ ದೋಷವೂ, ಅದರ ಪರಿಹಾರಗಳೂ ಹಿಂದೆ ಸರಿದವು.

ಉಪಸಂಹಾರ

ಮೇಲಿನ ನಿದರ್ಶನಗಳಿಂದ ದೋಷಶೋಧನೆಯ ಕ್ರಮವೊಂದು ಸ್ಪಷ್ಟವಾಗುತ್ತದೆ. ಮೊದಲು ಹೊಡೆಯುವವನು ಮತ್ತು ಬಂದೂಕಿನ ಆಧಾರ. ಅನಂತರ ನೋಟಕ, ಸಡಿಲ ತಿರುಪುಗಳು, ನಳಿಗೆಯ ಮಸಿ ಮತ್ತು ಬಾಯಿಯಂಚು. ಇವೆಲ್ಲ ನಿರ್ದೋಷವೆಂದು ಖಚಿತವಾದ ಮೇಲೆ ತೋಟೆ. ತೋಟೆಯಲ್ಲಿಯೂ ಗುಂಡು, ಸುರುಳಿಗೆ ತಕ್ಕ ಅದರ ಉದ್ದ, ತೋಟೆಯ ಕುತ್ತಿಗೆ ಗುಂಡನ್ನು ಹಿಡಿದಿರುವ ಬಿಗಿ, ಗುಂಡು ಕುಳಿತಿರುವ ಆಳ, ಕೇಪು, ಮದ್ದಿನ ಪ್ರಮಾಣ, ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು. ಮೂರು ಈಡುಗಳು ಒಂದೆಡೆ ಬಿದ್ದ ಮಾತ್ರಕ್ಕೆ ದೋಷ ಕಳೆಯಿತೆಂದು ಭಾವಿಸುವುದು ಇಂದಿಗೂ ಕಾಣುವ ತಪ್ಪು. ಅಷ್ಟು ಸಣ್ಣ ಸಂಖ್ಯೆಯಲ್ಲಿ ಅದೃಷ್ಟವನ್ನೂ ಗುಣವನ್ನೂ ಬೇರ್ಪಡಿಸಲಾಗದು. ಅತಿ ದೂರ ಬಿದ್ದ ಎರಡು ಗುಂಡುಗಳ ಅಂತರವನ್ನಷ್ಟೇ ಅಳೆಯದೆ ಎಲ್ಲ ಗುಂಡುಗಳ ಸರಾಸರಿ ವಿಚಲನವನ್ನು ಲೆಕ್ಕಹಾಕಿದ ಹೈತ್‌ನ ಪರೀಕ್ಷಕರು ಈ ವಿಷಯದಲ್ಲಿ ಅನೇಕ ಉತ್ತರಾಧಿಕಾರಿಗಳಿಗಿಂತ ಮುಂದಿದ್ದರು.

ಕೈಯಿಂದ ತುಂಬುವವನ ಕೆನ್ನೆ ಆ ಬಂದೂಕಿಗೇ ಒತ್ತಿಕೊಂಡಿರುತ್ತದೆ. ಆತನ ತಪ್ಪು ಊಹೆಯ ಬೆಲೆಯನ್ನು ತೆರುವವನೂ ಆತನೇ. ಆದುದರಿಂದ ಈ ಚರಿತ್ರೆಯನ್ನು ಕೇವಲ ಯಂತ್ರಗಳ ಚರಿತ್ರೆಯೆನ್ನದೆ, ಕಾರಣವನ್ನು ಕುರಿತ ಮನುಷ್ಯನ ವಿವೇಚನೆಯ ಚರಿತ್ರೆಯೆಂದೂ ಓದಬೇಕಾಗಿದೆ. ನಮ್ಮ ಕೊಡಗು ಮತ್ತು ಮಲೆನಾಡುಗಳಲ್ಲಿ ಕೇಪಿನ ಕೋವಿ ಬಳಸಿದ ಹಿರಿಯರು ಮದ್ದಿನ ಅಳತೆ, ತೇವ, ಜಡಿತಗಳನ್ನು ಕುರಿತು ಬಾಯಿಂದ ಬಾಯಿಗೆ ದಾಟಿಸಿದ ತಿಳಿವಳಿಕೆಯೂ ಇಂಥದೇ ಶೋಧನೆಯ ಫಲ. ಅವರು ಬಳಸಿದ ಮಾತುಗಳೊಡನೆ, ಈಡು ತಪ್ಪಿದಾಗ ಅವರು ಹೇಳುತ್ತಿದ್ದ ಕಾರಣಗಳೊಡನೆ ಅದನ್ನು ಸಂಗ್ರಹಿಸಿಡುವ ಕೆಲಸವನ್ನು, ಆ ತಲೆಮಾರು ನಮ್ಮೊಡನೆ ಇರುವಾಗಲೇ ಸಂಶೋಧಕರು ಕೈಗೆತ್ತಿಕೊಳ್ಳಬೇಕು.