ಲೆಕ್ಕಕ್ಕೆ ಸಿಗದ ಹಾಡುಗಳು

ಹಿಂದಿ ಸಿನಿಮಾ ಹಾಡುಗಳಿಗೆ ನಮ್ಮ ಹಾಡುಗಳಿಗಿಲ್ಲದ ಒಂದು ಭಾಗ್ಯವಿದೆ. ಯಾವ ವರ್ಷ ಯಾವ ಹಾಡು ಎಷ್ಟನೆಯ ಸ್ಥಾನದಲ್ಲಿತ್ತು ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುವವರು ಇವತ್ತಿಗೂ ಇದ್ದಾರೆ. ಇದಕ್ಕೆ ಕಾರಣ ರೇಡಿಯೋ ಸಿಲೋನ್‌ನ ‘ಬಿನಾಕಾ ಗೀತ್‌ಮಾಲಾ’. ವಾರ್ತಾ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರು ಸಿನಿಮಾ ಹಾಡೆಂದರೆ ಮೂಗು ಮುರಿದು ಆಕಾಶವಾಣಿಯಿಂದ ಅದನ್ನು ದೂರವಿಟ್ಟಿದ್ದ ಕಾಲದಲ್ಲಿ, 1952ರ ಡಿಸೆಂಬರಿನಲ್ಲಿ, ಈ ಕಾರ್ಯಕ್ರಮ ಶುರುವಾಯಿತು. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿಯವರು ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಿದ್ದರು. ಪ್ಲೇಟಿನ ಅಂಗಡಿಗಳ ಮಾರಾಟ, ಊರೂರಿನ ಕೇಳುಗರ ಸಂಘಗಳ ಪತ್ರ, ಇವೆರಡನ್ನೂ ತೂಗಿ ಸ್ಥಾನ ನಿಶ್ಚಯವಾಗುತ್ತಿತ್ತು. ವರ್ಷದ ಕೊನೆಗೆ ಇಡೀ ವರ್ಷದ ಪಟ್ಟಿ. ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು; ಪಟ್ಟಿಗಳು ಉಳಿದಿವೆ.

ಎಪ್ಪತ್ತರ ದಶಕದ ಕನ್ನಡ ಹಾಡುಗಳಿಗೆ ಅಂಥ ಹೆಸರುವಾಸಿ ಪಟ್ಟಿ ಇರಲಿಲ್ಲ. ಹಾಗೆಂದು ನಮ್ಮಲ್ಲಿ ಗೆದ್ದ ಹಾಡು, ಸೋತ ಹಾಡು ಇರಲಿಲ್ಲವೆ? ಇದ್ದವು. ಅವನ್ನು ಎಣಿಸುತ್ತಿದ್ದವರು ಬೇರೆ, ಎಣಿಸುವ ಬಗೆ ಬೇರೆ. ನಾನು ಹುಟ್ಟಿ ಬೆಳೆದ ಉಯ್ಯಂಬಳ್ಳಿಯ ಸೀಮೆಯನ್ನೇ ಹಿಡಿದು ಆ ಲೆಕ್ಕವನ್ನು ಒಂದಿಷ್ಟು ಬಿಡಿಸಿ ನೋಡಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಉಯ್ಯಂಬಳ್ಳಿ ಕನಕಪುರ ತಾಲ್ಲೂಕಿನ ಒಂದು ಹೋಬಳಿ. ಕಾವೇರಿಯ ಕಡೆಗೆ ಇಳಿಯುವ ಕಾಡಂಚಿನ ನೆಲ. ರಾಗಿ, ಅವರೆ, ಹುರುಳಿ, ಹಿಪ್ಪುನೇರಳೆ ಬೆಳೆಯುವ ಜನ. ಎಪ್ಪತ್ತರಲ್ಲಿ ನಾವು ಬೆಂಗಳೂರು ಜಿಲ್ಲೆಯವರು, 1986ರಲ್ಲಿ ಬೆಂಗಳೂರು ಗ್ರಾಮಾಂತರದವರಾದೆವು, 2007ರಲ್ಲಿ ರಾಮನಗರದವರಾದೆವು, 2025ರಲ್ಲಿ ಬೆಂಗಳೂರು ದಕ್ಷಿಣದವರಾದೆವು. ಊರು ಮಾತ್ರ ಇದ್ದಲ್ಲೇ ಇದೆ.

ಹಾಡುಗಳು ಈ ಮೂಲೆಗೆ ಬರುತ್ತಿದ್ದ ದಾರಿ ಉದ್ದವಾದದ್ದು. ಆಗ ಕನ್ನಡ ಹಾಡುಗಳು ಬಹುಪಾಲು ಮುದ್ರಣವಾಗುತ್ತಿದ್ದುದು ಮದರಾಸಿನಲ್ಲಿ. ನಾವು ನಮ್ಮವೆಂದು ಎದೆಗವಚಿಕೊಂಡ ದನಿಗಳ ಪೈಕಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲ, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಲ್ಲರೂ ತೆಲುಗು ನಾಡಿನಲ್ಲಿ ಹುಟ್ಟಿದವರು. ಮದರಾಸಿನಿಂದ ಬೆಂಗಳೂರು, ಬೆಂಗಳೂರಿನಿಂದ ಕನಕಪುರ, ಕನಕಪುರದಿಂದ ನಮ್ಮ ಕಡೆಗೆ ಬರುವ ಹೊತ್ತಿಗೆ ಸಿನಿಮಾ ಹಳತಾಗಿರುತ್ತಿತ್ತು. ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದರ ರೀಲು ನಮ್ಮ ಕಡೆಯ ಟೆಂಟಿಗೆ ಬಂದದ್ದು ಎಷ್ಟೋ ದಿನಗಳ ಮೇಲೆ. ಆದರೆ ಅಷ್ಟರಲ್ಲಿ ಅದರ ಹಾಡುಗಳು ಊರಿನ ದನಗಾಹಿ ಹುಡುಗರ ಬಾಯಲ್ಲೂ ಇದ್ದವು. ನಮ್ಮಲ್ಲಿ ಹಾಡು ಮುಂದೆ, ಸಿನಿಮಾ ಹಿಂದೆ. ಬಿಡುಗಡೆಯ ವರ್ಷ ನೋಡಿ ಆ ವರ್ಷದ ಹಾಡುಗಳು ಎಂದು ಪಟ್ಟಿ ಮಾಡುವವರಿಗೆ ಈ ಸಣ್ಣ ಸಂಗತಿ ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಹಾಡಿನ ಯೋಗ್ಯತೆಯನ್ನು ನಿರ್ಧರಿಸುತ್ತಿದ್ದ ಜಾಗಗಳು ಮೂರು: ಟೆಂಟು, ಮೈಕ್ ಸೆಟ್ಟು, ರೇಡಿಯೋ.

ಮೊದಲು ಟೆಂಟು. ನೆಲಕ್ಕೊಂದು ದರ, ಬೆಂಚಿಗೊಂದು ದರ, ಕುರ್ಚಿಗೊಂದು ದರ. ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆಯ ಕಾಗದ, ಮಸಿ ಮೆತ್ತಿದ ಫೋಟೋ. ಅದರಲ್ಲಿ ಕಥೆಯನ್ನು ಮುಕ್ಕಾಲು ಹೇಳಿ, ನಾಯಕಿ ಕಷ್ಟದಲ್ಲಿ ಸಿಕ್ಕಿಬಿದ್ದ ಕಡೆಗೆ ಸರಿಯಾಗಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈಯೆತ್ತಿಬಿಡುತ್ತಿದ್ದರು. ಓದು ಬಾರದ ಹೆಂಗಸರೂ ಅದನ್ನು ಕೊಳ್ಳುತ್ತಿದ್ದರು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಪದ ಕಲಿಯುತ್ತಿದ್ದರು.

ಆದರೆ ಆ ದಶಕದಲ್ಲಿ ಟೆಂಟಿನಿಂದ ಅತಿ ಹೆಚ್ಚು ಸಲ ಕೇಳಿಬಂದ ಹಾಡು ಯಾವುದು? ‘ಗಂಧದ ಗುಡಿ’ಯದೂ ಅಲ್ಲ, ‘ನಾಗರಹಾವು’ ಚಿತ್ರದ್ದೂ ಅಲ್ಲ. ಘಂಟಸಾಲ ಅವರು ತೆಲುಗಿನಲ್ಲಿ ಹಾಡಿದ ತಿರುಪತಿ ತಿಮ್ಮಪ್ಪನ ಹಾಡು. ಹಳೆ ಮೈಸೂರಿನ ಟೆಂಟುಗಳಲ್ಲಿ ಆ ಪ್ಲೇಟು ಹಾಕಿದರೆಂದರೆ ಟಿಕೆಟ್ ಕೊಡಲು ಶುರು ಎಂದರ್ಥ. ಮೈಲಿ ದೂರದ ಹೊಲದಲ್ಲಿದ್ದವರು ಅದು ಕಿವಿಗೆ ಬಿದ್ದ ಕೂಡಲೇ ಓಟ ಕೀಳುತ್ತಿದ್ದರು. ಯಾವ ಸಿನಿಮಾ ಬಂದರೂ ಹೋದರೂ ಈ ಹಾಡಿಗೆ ದಿನಕ್ಕೆರಡು ಆಟ ಖಾಯಂ. ಭಾಷೆ ತೆಲುಗು, ವಿಷಯ ಭಕ್ತಿ, ಕೆಲಸ ಮಾತ್ರ ಗಂಟೆ ಹೊಡೆಯುವುದು. ಇದಕ್ಕೆ ಯಾವ ಪಟ್ಟಿಯಲ್ಲಿ ಜಾಗ ಕೊಡುತ್ತೀರಿ?

ಎರಡನೆಯದು ಮೈಕ್ ಸೆಟ್ಟು. ಮದುವೆ, ಹಬ್ಬ, ಜಾತ್ರೆ, ನಾಮಕರಣ ಏನಿದ್ದರೂ ಮರದ ತುದಿಗೆ ಹಾರ್ನು ಕಟ್ಟುತ್ತಿದ್ದರು. ಕರೆಂಟಿಲ್ಲದ ಊರಲ್ಲಿ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಮೈಕ್ ಸೆಟ್ಟಿನವನ ಟ್ರಂಕಿನಲ್ಲಿದ್ದ ಪ್ಲೇಟುಗಳೇ ನಮ್ಮ ಪಾಲಿಗೆ ಗೀತ್‌ಮಾಲಾ. ಯಾವ ಪ್ಲೇಟು ಹೆಚ್ಚು ಸವೆದು ಕರಕರ ಎನ್ನುತ್ತದೋ ಅದೇ ಮೊದಲ ಸ್ಥಾನದ್ದು. ಗೀರು ಬಿದ್ದ ಕಡೆ ಮುಳ್ಳು ಸಿಕ್ಕಿಕೊಂಡು ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಅದನ್ನೂ ಸೇರಿಸಿಯೇ ನಮ್ಮ ಹುಡುಗರು ಹಾಡುತ್ತಿದ್ದರು.

ಹಾರ್ನಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಮದುವೆಯ ಚಪ್ಪರದೊಳಗೆ ಯಾರು ಬರಬಹುದು, ಯಾರು ಹೊರಗೆ ನಿಲ್ಲಬೇಕು, ಯಾರಿಗೆ ಎಲ್ಲಿ ಎಲೆ ಹಾಕಬೇಕು ಎಂಬುದಕ್ಕೆ ಆಗ ಕಟ್ಟುನಿಟ್ಟಾದ ಕಟ್ಟಳೆಗಳಿದ್ದವು. ಹಾರ್ನಿಗೆ ಈ ಕಟ್ಟಳೆ ತಿಳಿಯುತ್ತಿರಲಿಲ್ಲ. ಊರಿನ ದೊಡ್ಡವರು ಬಾಡಿಗೆ ಕೊಟ್ಟು ಹಾಕಿಸಿದ ಹಾಡು ಕೇರಿಯ ಕೊನೆಯ ಗುಡಿಸಲಿಗೂ ಅಷ್ಟೇ ಜೋರಾಗಿ ಕೇಳುತ್ತಿತ್ತು. ಇದನ್ನು ದೊಡ್ಡ ಕ್ರಾಂತಿಯೆಂದು ನಾನು ಹೇಳುವುದಿಲ್ಲ. ಹಾಡು ಬೇಲಿ ದಾಟಿತು, ಜನ ದಾಟಲು ಬಿಡಲಿಲ್ಲ. ಕೇರಿಯವರಿಗೆ ಕೇಳುವುದಕ್ಕೆ ಸಿಕ್ಕಿತು, ಯಾವ ಪ್ಲೇಟು ಹಾಕಬೇಕೆಂದು ಹೇಳುವುದಕ್ಕೆ ಸಿಗಲಿಲ್ಲ. ಗೆದ್ದ ಹಾಡುಗಳ ಇತಿಹಾಸ ಬರೆಯುವಾಗ ಈ ವ್ಯತ್ಯಾಸ ಮರೆಯಬಾರದು.

1975ರ ಮೇಲೆ ಮೈಕ್ ಸೆಟ್ಟಿನವರ ಟ್ರಂಕಿಗೆ ವಿಚಿತ್ರವಾದ ಪ್ಲೇಟೊಂದು ಬಂದು ಸೇರಿತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯ ಪ್ಲೇಟು. ಆರ್.ಡಿ. ಬರ್ಮನ್ ಅವರ ಹಾಡುಗಳಿಗಿಂತ ಹೆಚ್ಚು ಸದ್ದು ಮಾಡಿದ್ದು ಅದರ ಮಾತಿನ ಪ್ಲೇಟು. ಹಿಂದಿಯ ಒಂದಕ್ಷರ ಬಾರದ ನಮ್ಮ ಹುಡುಗರು ಗಬ್ಬರ್ ಸಿಂಗನ ಮಾತನ್ನು ಮಂತ್ರದ ಹಾಗೆ ಒಪ್ಪಿಸುತ್ತಿದ್ದರು. ನಮ್ಮ ಪಕ್ಕದ ತಾಲ್ಲೂಕಿನ ಬಂಡೆಯ ಮೇಲೆ ನಿಂತು ಬೈದ ಬೈಗುಳ ಬೊಂಬಾಯಿಗೆ ಹೋಗಿ ಪ್ಲೇಟಾಗಿ ನಮ್ಮೂರಿಗೇ ವಾಪಸು ಬಂತು. ಹಾಡೇ ಅಲ್ಲದ್ದು ಹಾಡುಗಳನ್ನು ಸೋಲಿಸಿತು.

ಇನ್ನು ರೇಡಿಯೋ. ಆಕಾಶವಾಣಿಯ ಬೆಂಗಳೂರು ನಿಲಯ 1955ರಲ್ಲಿ ಶುರುವಾಯಿತು. ಸಿಲೋನಿನ ಏಟಿಗೆ ಎಚ್ಚೆತ್ತ ಸರ್ಕಾರ 1957ರಲ್ಲಿ ವಿವಿಧ ಭಾರತಿಯನ್ನು ತೆರೆಯಿತು. ಎಪ್ಪತ್ತರ ಹೊತ್ತಿಗೆ ರೇಷ್ಮೆಗೂಡಿನ ದುಡ್ಡು ನಾಲ್ಕು ಕಾಸು ಕೈಸೇರಿದ ಮನೆಗಳಿಗೆ ಟ್ರಾನ್ಸಿಸ್ಟರ್ ಬಂತು. ಅದಕ್ಕೊಂದು ಲೈಸೆನ್ಸು, ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕು. ಕೋರಿಕೆಯ ಕಾರ್ಯಕ್ರಮದಲ್ಲಿ ಊರಿನ ಹೆಸರು, ಕೇಳಿದವರ ಹೆಸರುಗಳ ಸಾಲು ಬರುತ್ತಿತ್ತು. ಆಮೇಲೆ ಚಿತ್ರ, ಸಾಹಿತ್ಯ, ಸಂಗೀತ, ಗಾಯನ. ಈ ಒಂದು ಪದ್ಧತಿಗೆ ನಾವು ರೇಡಿಯೋದವರಿಗೆ ಕೈಮುಗಿಯಬೇಕು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಈ ಹೆಸರುಗಳು ಹಳ್ಳಿಗರಿಗೆ ನೆಂಟರ ಹೆಸರಿನಷ್ಟು ಪರಿಚಯವಾದದ್ದು ಹೀಗೆ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’, ‘ಶರಪಂಜರ’ಗಳ ಮೂಲಕ ಬೇಂದ್ರೆಯವರ ಕವಿತೆ ಬೇಂದ್ರೆ ಯಾರೆಂದು ತಿಳಿಯದವರ ನಾಲಗೆಯನ್ನೂ ಸೇರಿತು.

ಆದರೆ ಕೋರಿಕೆಯ ಪತ್ರ ಬರೆಯುತ್ತಿದ್ದವರು ಯಾರು? ಅಕ್ಷರ ಬಲ್ಲ ಹುಡುಗರು. ಕಾರ್ಡಿಗೆ ಕಾಸು, ಬರೆಯಲು ಪುರುಸೊತ್ತು ಇದ್ದವರು. ನಮ್ಮ ಸೀಮೆಯಲ್ಲಿ ರೇಡಿಯೋವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಕೇಳಿದವರು ಮಾತ್ರ ಅವರಲ್ಲ. ಹುಳು ಸಾಕುತ್ತಿದ್ದ ಹೆಂಗಸರು. ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವು ಬಕಾಸುರನ ಹಸಿವು. ಬೆಳಗು, ಬೈಗು, ಸರಿರಾತ್ರಿ ಎನ್ನದೆ ಸೊಪ್ಪು ಸುರಿಯುತ್ತಲೇ ಇರಬೇಕು. ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗಿರುತ್ತದೆ. ನಮ್ಮವ್ವ ರಾತ್ರಿ ತಟ್ಟೆ ತಟ್ಟೆಗೂ ಸೊಪ್ಪು ಹಾಕುವಾಗ ಗೂಟಕ್ಕೆ ನೇತುಹಾಕಿದ ಟ್ರಾನ್ಸಿಸ್ಟರ್ ಸಣ್ಣ ದನಿಯಲ್ಲಿ ಹಾಡುತ್ತಿತ್ತು. ಅವ್ವ ತನ್ನ ಜೀವಮಾನದಲ್ಲಿ ನೋಡಿದ ಸಿನಿಮಾ ಬೆರಳೆಣಿಕೆಯಷ್ಟು. ಒಂದು ಪ್ಲೇಟು ಕೊಂಡವಳಲ್ಲ, ಒಂದು ಕಾರ್ಡು ಬರೆದವಳಲ್ಲ. ಆದರೆ ಜಾನಕಿಯವರ ಯಾವ ಹಾಡಿನ ನಡುವೆ ಕೊಳಲು ಬರುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಅವ್ವ ತೀರಿಕೊಂಡ ಮೇಲೆ ನನಗೆ ಈ ವಿಚಾರ ತಲೆಗೆ ಹತ್ತಿತು. ಅವಳ ಓರಗೆಯ ಕೆಲವು ಹೆಂಗಸರನ್ನು ಕೂರಿಸಿಕೊಂಡು, ಆಗ ನಿಮಗೆ ಇಷ್ಟವಾದ ಹಾಡು ಯಾವುದೆಂದು ಕೇಳಿ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದೆ. ಒಬ್ಬ ಅಜ್ಜಿ ಹೇಳಿದರು: “ಪಿಚ್ಚರ್ ಹೆಸ್ರು ನಾನ್ ಕಾಣೆ ಕಣಪ್ಪ. ನಾಕ್ನೇ ಜ್ವರ ಎದ್ದಿದ್ ಹುಳೀಗೆ ಸೊಪ್ಪಾಕ್ತಿದ್ವಲ್ಲ, ಆಗ ಬತ್ತಿತ್ತು.” ಅವರ ಪಾಲಿಗೆ ಹಾಡಿಗೆ ವರ್ಷವಿಲ್ಲ, ಸ್ಥಾನವಿಲ್ಲ, ಹೊತ್ತಿದೆ. ಹುಳು ಹಣ್ಣಾದಾಗಿನ ಹಾಡು, ರಾಗಿ ಬೀಸುವಾಗಿನ ಹಾಡು, ಮಗಳನ್ನು ಕಳಿಸಿಕೊಟ್ಟ ವರ್ಷದ ಹಾಡು.

ಆ ನೋಟ್ ಪುಸ್ತಕ ಇನ್ನೊಂದು ಸಂಗತಿ ಹೇಳಿತು. ನಿಜವಾಗಿ ಗೆದ್ದ ಹಾಡು ಸಿನಿಮಾ ಹಾಡಾಗಿ ಉಳಿಯುವುದಿಲ್ಲ. 1974ರ ‘ಭಕ್ತ ಕುಂಬಾರ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ಹಾಡುಗಳು ಭಜನೆಮನೆ ಸೇರಿ, ಯಾರೋ ದಾಸರ ಪದವೇ ಇರಬೇಕೆಂದು ಜನ ನಂಬುವ ಮಟ್ಟಕ್ಕೆ ಹೋದವು. ಕೆಲವು ಮಟ್ಟುಗಳಿಗೆ ಹೆಂಗಸರು ತಮ್ಮದೇ ಪದ ಕಟ್ಟಿ ಸೋಬಾನೆಗೆ ಬಳಸಿಕೊಂಡರು. ಅದೇ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ರಾಜಕುಮಾರ್ ತಾವೇ ಎಮ್ಮೆಯ ಹಾಡು ಹಾಡಿದರು. ಅಲ್ಲಿಂದ ಮುಂದೆ ಅವರಿಗೆ ಅವರದೇ ದನಿಯಾಯಿತು. ನಮ್ಮಲ್ಲಿ ಆ ಹಾಡು ಮೊದಲು ಸೇರಿದ್ದು ಎಮ್ಮೆ ಮೇಯಿಸುವವರ ಬಾಯಿಗೆ. ಅವರಿಗೆ ಅದು ನಟನೆಯಲ್ಲ, ದಿನದ ಕೆಲಸದ ಹಾಡು. ಇಷ್ಟಾದರೂ ಸಿನಿಮಾ ಹಾಡು ಕಾಲಿಡದ ಜಾಗವೂ ಇತ್ತು. ಶಿವರಾತ್ರಿಗೆ ಸಂಗಮದ ಕಡೆಯಿಂದ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಬಾಯಲ್ಲಿ ಕಂಸಾಳೆಯವರ ಪದವೇ. ಅಲ್ಲಿ ಅದೇ ಮೊದಲು, ಅದೇ ಕೊನೆ.

1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಸುಗಮ ಸಂಗೀತದ ಕ್ಯಾಸೆಟ್ಟುಗಳಿಗೆ ಅದೇ ನಾಂದಿ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಗಿ ನಮ್ಮ ಕಡೆಗೂ ಬಂತು. ಬೇಕಾದ್ದನ್ನು ಬೇಕಾದಾಗ ಹಾಕಿಕೊಳ್ಳುವ ಸ್ವಾತಂತ್ರ್ಯ ಅದರೊಂದಿಗೆ ಬಂತು; ಇಡೀ ಊರು ಒಂದೇ ಹೊತ್ತಿಗೆ ಒಂದೇ ಹಾಡು ಕೇಳುವುದು ನಿಧಾನವಾಗಿ ನಿಂತಿತು. ಲಾಭ ನಷ್ಟ ಎರಡೂ ಸರಿಸಮ ಎನ್ನೋಣ.

ಈಗ ಮೊಬೈಲಿನಲ್ಲಿ ಪ್ರತಿ ಹಾಡಿನ ಕೆಳಗೂ ಎಷ್ಟು ಜನ ನೋಡಿದರೆಂಬ ಸಂಖ್ಯೆ ಇರುತ್ತದೆ. ಎಪ್ಪತ್ತರ ದಶಕದ ಸುವರ್ಣ ಗೀತೆಗಳೆಂದು ಹತ್ತೋ ಇಪ್ಪತ್ತೋ ಹಾಡು ಪೋಣಿಸುತ್ತಾರೆ. ಅವು ಒಳ್ಳೆಯ ಹಾಡುಗಳೇ, ನಾನೂ ಕೇಳುತ್ತೇನೆ. ಆದರೆ ಅವು ಪ್ಲೇಟು ಕೊಂಡವರ, ಪತ್ರ ಬರೆದವರ, ಈಗ ಮೊಬೈಲು ಒತ್ತುವವರ ಹಾಡುಗಳು. ಕೇರಿಯ ಕೊನೆಯಲ್ಲಿ ನಿಂತು ಕೇಳಿದವರ, ಸೊಪ್ಪು ಹಾಕುತ್ತಾ ಕೇಳಿದವರ ಪಟ್ಟಿ ಬೇರೆಯೇ ಇದೆ. ಆ ಪಟ್ಟಿ ಯಾವ ಆಕಾಶವಾಣಿಯ ಕಪಾಟಿನಲ್ಲೂ ಇಲ್ಲ. ಎಪ್ಪತ್ತು ಎಂಬತ್ತು ದಾಟಿದ ಕೆಲವು ತಲೆಗಳಲ್ಲಿದೆ. ನಿಮ್ಮ ಮನೆಯಲ್ಲಿಯೂ ಅಂಥವರು ಇದ್ದರೆ ಇವತ್ತೇ ಕೂತು ಕೇಳಿ. ಸಿನಿಮಾದ ಹೆಸರು ಕೇಳಬೇಡಿ, ಅವರು ಹೇಳಲಾರರು. ಆ ಹಾಡು ಬರುವಾಗ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ. ಹಾಡು ತಾನಾಗಿ ಬರುತ್ತದೆ.